ಹನ್ನೆರಡನೇ ಕಂಡಿ

ಕೋವಿಡ್‌ನ ಎರಡನೇ ಅಲೆ ಇಳಿದ ಮರುವರ್ಷದ ಜನವರಿ. ನಾನು ಆಗ ಹೊನ್ನಾವರದಲ್ಲಿ ಸಹಾಯಕ ಕಾರ್ಯನಿರ್ವಾಹಕ ಇಂಜಿನಿಯರ್ ಆಗಿದ್ದೆ. ನಿವೃತ್ತಿಗೆ ಹದಿನಾಲ್ಕು ತಿಂಗಳು ಬಾಕಿ ಇತ್ತು. ಆ ಹಂತಕ್ಕೆ ಬಂದ ಇಂಜಿನಿಯರಿಗೆ ಮೇಲಿನವರು ಹೊಸ ಸೇತುವೆ ಕೊಡುವುದಿಲ್ಲ, ಹಳೆಯ ಕಟ್ಟಡ ಕೊಡುತ್ತಾರೆ. ನನ್ನ ಪಾಲಿಗೆ ಬಂದದ್ದು ಪಟ್ಟಣದ ಗ್ರಂಥಾಲಯ. ಅದರ ಆಡಳಿತ ಸಮಿತಿ ಬರೆದ ಪತ್ರದಲ್ಲಿ ಪ್ರಶ್ನೆ ಒಂದೇ ಇತ್ತು. ಕಟ್ಟಡವನ್ನು ದುರಸ್ತಿ ಮಾಡಬಹುದೋ, ಕೆಡವಬೇಕೋ? ಮೂರು ವಾರದೊಳಗೆ ಲಿಖಿತ ವರದಿ ಬೇಕು ಎಂದಿದ್ದರು.

ಮೊದಲ ದಿನ ಹೋದಾಗ ಗ್ರಂಥಪಾಲಕಿ ಶಾಲಿನಿ ಬಾಗಿಲಲ್ಲೇ ನಿಂತಿದ್ದರು. ಊರವರಿಗೆಲ್ಲ ಅವರು ಅಕ್ಕೋರು. ನಮ್ಮ ಕಡೆ ಶಾಲೆಯ ಶಿಕ್ಷಕಿಯರನ್ನು ಕರೆಯುವ ಹೆಸರು ಅದು. ಇವರು ಪಾಠ ಮಾಡಿದವರಲ್ಲ, ಆದರೂ ಎರಡು ತಲೆಮಾರಿನ ಮಕ್ಕಳ ಕೈಗೆ ಪುಸ್ತಕ ಇಟ್ಟದ್ದರಿಂದ ಆ ಹೆಸರು ಅಂಟಿಕೊಂಡಿತ್ತು. ಕೆಡವಿದರೆ ಪುಸ್ತಕಗಳನ್ನು ಮಾರುಕಟ್ಟೆಯ ಮಹಡಿಯ ಒಂದು ಕೋಣೆಗೆ ಸಾಗಿಸುವುದು, ಮುಂದೆ ಎಂದಾದರೂ ಹೊಸ ಕಟ್ಟಡ ಎನ್ನುವುದು ಸಮಿತಿಯ ಲೆಕ್ಕಾಚಾರ ಎಂದು ಅವರೇ ತಿಳಿಸಿದರು. ಹೇಳುವಾಗ ಧ್ವನಿ ಏರಿಸಲಿಲ್ಲ.

"ಒಮ್ಮೆ ಗೋಣಿಚೀಲಕ್ಕೆ ಹೋದ ಪುಸ್ತಕ ತಿರುಗಿ ಕಪಾಟಿಗೆ ಬರೂದಿಲ್ಲ ಸರ್. ಬೇರೆ ಊರಲ್ಲಿ ನೋಡಿದ್ದೇನೆ" ಎಂದರು.

ಈ ಕಟ್ಟಡ ಎಪ್ಪತ್ತರ ದಶಕದ್ದು. ಮುಂಬಯಿಯ ವಾಸ್ತುಶಿಲ್ಪಿಯೊಬ್ಬರು ಇದರ ನಕ್ಷೆ ಮಾಡಿದ್ದರು. ಹೆಂಚಿನ ಮನೆಗಳ ನಡುವೆ ಬರೀ ಕಾಂಕ್ರೀಟು, ಬಣ್ಣವಿಲ್ಲ, ಗಾರೆಯಿಲ್ಲ. ಹಲಗೆಯ ಅಚ್ಚಿನ ಗೆರೆಗಳು ಗೋಡೆಯ ಮೇಲೆ ಹಾಗೇ ಉಳಿದಿವೆ. ಛಾವಣಿಯಲ್ಲಿ ಸಾಲಾಗಿ ಐದು ಕಮಾನುಗಳು. ನೋಡಿದರೆ ಮಳೆಗಾಲಕ್ಕೆ ದಂಡೆಯ ಮೇಲೆ ಮಗುಚಿಟ್ಟ ದೋಣಿಗಳ ಹಾಗೆ. ಮೀನುಗಾರರು ಅದನ್ನು ದೋಣಿ ಲೈಬ್ರರಿ ಎಂದೇ ಕರೆಯುವುದು. ಸಮುದ್ರದ ಕಡೆಗೆ, ಅಂದರೆ ಪಶ್ಚಿಮಕ್ಕೆ, ಹದಿಮೂರು ಕಾಂಕ್ರೀಟ್ ಹಲಗೆಗಳು ಉದ್ದಕ್ಕೆ ನಿಂತಿವೆ. ಇವಕ್ಕೆ ನಾವು ಫಿನ್ ಎನ್ನುತ್ತೇವೆ. ಒಂದೊಂದೂ ಐದು ಇಂಚು ದಪ್ಪ, ಹತ್ತು ಅಡಿ ಎತ್ತರ. ಛಾವಣಿಯ ಪಶ್ಚಿಮದ ಅಂಚು ಇವುಗಳ ಮೇಲೆಯೇ ಕೂತಿದೆ. ಫಿನ್‌ಗಳ ನಡುವಿನ ಹನ್ನೆರಡು ಕಂಡಿಗಳಲ್ಲಿ ಬಿಸಿಲು ಮುರಿದು ಬರುತ್ತದೆ, ಗಾಳಿ ಪೂರ್ತಿ ಬರುತ್ತದೆ. ಎಲೆಕ್ಟ್ರಿಕ್ ಫ್ಯಾನು ನಂಬದ ಕಾಲದ ಕಟ್ಟಡ, ಹಾಗಾಗಿ ಗಾಳಿಯನ್ನೇ ನಂಬಿ ಕಟ್ಟಿದ್ದರು.

ನನಗೂ ಈ ಕಟ್ಟಡಕ್ಕೂ ಹಳೆಯ ನಂಟಿತ್ತು. ಅದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ನಾನು ನೋಡಲು ಹೋದಾಗ ಆ ಹನ್ನೆರಡು ಕಂಡಿಗಳಲ್ಲಿ ಹನ್ನೊಂದನ್ನು ಚಿರೆಕಲ್ಲು, ಅಂದರೆ ಜಂಬಿಟ್ಟಿಗೆ ಕಲ್ಲು, ಇಟ್ಟು ಮುಚ್ಚಲಾಗಿತ್ತು. ಮುಚ್ಚಿಸಿದವನು ನಾನೇ.

ಕೆಲಸಕ್ಕೆ ಸೇರಿ ಎರಡನೇ ವರ್ಷ, ಜೂನಿಯರ್ ಇಂಜಿನಿಯರ್ ಆಗಿದ್ದಾಗಿನ ಮಾತು. ಕರಾವಳಿಯಲ್ಲಿ ಮಳೆ ಮೇಲಿಂದ ಬೀಳುವುದಕ್ಕಿಂತ ಪಶ್ಚಿಮದಿಂದ ಅಡ್ಡಕ್ಕೆ ಬೀಸುವುದೇ ಹೆಚ್ಚು. ಅದಕ್ಕೆ ಮೇ ತಿಂಗಳ ಕೊನೆಯಲ್ಲಿ ಮನೆಯ ಜಗಲಿಗೆ ತೆಂಗಿನ ಮಡಲು ಹೆಣೆದ ತಟ್ಟಿ ಕಟ್ಟುತ್ತಾರೆ, ಮಳೆ ಹಿಂದೆ ಸರಿದ ಮೇಲೆ ಬಿಚ್ಚಿ ಒಲೆಗೆ ಹಾಕುತ್ತಾರೆ. ಗ್ರಂಥಾಲಯಕ್ಕೂ ಹಾಗೇ ಕಟ್ಟುತ್ತಿದ್ದರು. ನಕ್ಷೆ ಮಾಡಿದವರು ಇದನ್ನು ತಿಳಿದೇ ಪ್ರತಿ ಫಿನ್‌ಗೆ ಮೇಲೊಂದು, ನಡುವೊಂದು, ಕೆಳಗೊಂದು ಹಿತ್ತಾಳೆಯ ಬಳೆ ಕೂರಿಸಿದ್ದರು. ಹಗ್ಗ ಪೋಣಿಸಲೆಂದೇ ಇದ್ದ ಬಳೆಗಳು.

ಅಘನಾಶಿನಿ ಕಡೆಯ ನಮ್ಮ ಮನೆಗೂ ಪ್ರತಿ ವರ್ಷ ತಟ್ಟಿ ಕಟ್ಟುತ್ತಿದ್ದೆವು. ನಾಲ್ಕು ತಿಂಗಳು ಒಳಗೆಲ್ಲ ಕತ್ತಲೆ, ಕೊಳೆತ ಮಡಲಿನ ವಾಸನೆ. ಕಲ್ಲಿನ ಗೋಡೆ ಇದ್ದವರ ಮನೆ ನೋಡಿದರೆ ನನಗೆ ಹೊಟ್ಟೆಕಿಚ್ಚು. ಓದಿ ಇಂಜಿನಿಯರಾಗಿ ಬಂದವನಿಗೆ, ಊರಿನ ಏಕೈಕ ಆಧುನಿಕ ಕಟ್ಟಡ ಕೊಟ್ಟಿಗೆಯಂತೆ ಮಡಲು ಹೊದ್ದು ನಿಂತದ್ದು ಅವಮಾನ ಅನ್ನಿಸಿತು. ಇದಕ್ಕೊಂದು ಶಾಶ್ವತ ಪರಿಹಾರ ಬೇಕೆಂದು ಟಿಪ್ಪಣಿ ಬರೆದೆ. ಕಂಡಿಗಳಿಗೆ ಚಿರೆಕಲ್ಲು, ಮೇಲೆ ಸಿಮೆಂಟ್ ಗಾರೆ, ನಡುನಡುವೆ ಒಂದು ಚಿಕ್ಕ ಕಿಟಕಿ. ಮೇಲಿನವರು ಒಪ್ಪಿದರು, ಊರವರು ಮೆಚ್ಚಿದರು. ಕೆಲಸದ ಕೊನೆಯ ವಾರ ನಾನು ತರಬೇತಿಗೆಂದು ಕಾರವಾರಕ್ಕೆ ಹೋಗಿದ್ದೆ. ಬಂದು ನೋಡಿದರೆ ದಕ್ಷಿಣದ ತುದಿಯ ಹನ್ನೆರಡನೇ ಕಂಡಿ ಹಾಗೇ ಉಳಿದಿತ್ತು, ಕಲ್ಲು ಕಟ್ಟುತ್ತಿದ್ದ ಗೌಂಡಿ ಬೇರೆ ಕೆಲಸಕ್ಕೆ ಹೋಗಿಯಾಗಿತ್ತು. ಕಲ್ಲು ಸಾಲದೆ ಬಿಟ್ಟಿರಬೇಕು ಎಂದುಕೊಂಡೆ. ಅಳತೆ ಪುಸ್ತಕದಲ್ಲಿ ಹನ್ನೊಂದು ಎಂದು ಬರೆದು ಸಹಿ ಹಾಕಿದೆ. ಆಮೇಲೆ ವರ್ಗಾವಣೆಯ ಮೇಲೆ ವರ್ಗಾವಣೆ ಆಗಿ, ಮೂವತ್ತು ವರ್ಷ ಅತ್ತ ಮುಖ ಹಾಕಲಿಲ್ಲ.

ಈಗ ಪರೀಕ್ಷೆಗೆ ಬರುತ್ತೇನೆ. ಕಾಂಕ್ರೀಟಿನೊಳಗೆ ಕಬ್ಬಿಣದ ಸರಳುಗಳಿರುತ್ತವೆ. ಅವುಗಳ ಮೇಲಿನ ಕಾಂಕ್ರೀಟಿನ ಹೊದಿಕೆಗೆ ಕವರ್ ಎನ್ನುತ್ತೇವೆ. ಉಪ್ಪು ಮತ್ತು ತೇವ ಸೇರಿ ಆ ಕವರನ್ನು ದಾಟಿ ಒಳಗಿಳಿದರೆ ಸರಳು ತುಕ್ಕು ಹಿಡಿಯುತ್ತದೆ, ತುಕ್ಕು ಹಿಡಿದ ಸರಳು ಉಬ್ಬಿ ಮೇಲಿನ ಕಾಂಕ್ರೀಟನ್ನು ಒಡೆಯುತ್ತದೆ. ಇದನ್ನು ಪತ್ತೆಮಾಡುವ ಉಪಕರಣಗಳು ಎಷ್ಟೋ ಇವೆ. ಆದರೆ ಮೊದಲ ಉಪಕರಣ ಇವತ್ತಿಗೂ ಸುತ್ತಿಗೆಯೇ. ಗಟ್ಟಿ ಕಾಂಕ್ರೀಟು ಟಣ್ ಎನ್ನುತ್ತದೆ, ಪದರ ಬಿಟ್ಟದ್ದು ದಬ್ ಎನ್ನುತ್ತದೆ.

ಉತ್ತರದ ತುದಿಯಿಂದ ಬಡಿಯುತ್ತ ಬಂದೆ. ಮೊದಲ ಫಿನ್ ಬುಡದಿಂದ ಎರಡಡಿಯವರೆಗೆ ದಬ್. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ. ನಾಲ್ಕನೆಯದರಲ್ಲಿ ಸುತ್ತಿಗೆ ತಾಗಿದ್ದೇ ತಡ, ಅಂಗೈ ಅಗಲದ ಚಕ್ಕೆ ಕಾಲಬುಡಕ್ಕೆ ಬಿತ್ತು. ಒಳಗಿನ ಸರಳು ಕಬ್ಬಿನ ಸಿಪ್ಪೆಯ ಹಾಗೆ ಎಳೆ ಎಳೆಯಾಗಿತ್ತು. ಒಳಗಡೆ ಕಪಾಟಿನ ಹಿಂದೆ ಗೋಡೆಯುದ್ದಕ್ಕೂ ಬೂಸ್ಟು ಹಿಡಿದಿತ್ತು. ಅಕ್ಕೋರು ಪ್ರತಿ ಆಗಸ್ಟಿನಲ್ಲಿ ಪುಸ್ತಕಗಳನ್ನು ಒಂದೊಂದಾಗಿ ಒಣಬಟ್ಟೆಯಲ್ಲಿ ಒರೆಸುತ್ತಿದ್ದರಂತೆ. ಕಟ್ಟಡದ ಆಯುಷ್ಯ ಮುಗಿದಿದೆ ಎಂದು ನಾನು ಮನಸ್ಸಿನಲ್ಲೇ ವರದಿ ಬರೆದು ಮುಗಿಸಿದ್ದೆ. ಸಮುದ್ರದ ಗಾಳಿಗೆ ಐವತ್ತು ವರ್ಷ ಮುಖ ಕೊಟ್ಟ ಕಾಂಕ್ರೀಟು, ಅದಕ್ಕಿಂತ ಹೆಚ್ಚು ಏನು ನಿರೀಕ್ಷಿಸುವುದು?

ಕೊನೆಯದಾಗಿ ದಕ್ಷಿಣದ ತುದಿಗೆ ಬಂದು ಹದಿಮೂರನೇ ಫಿನ್‌ಗೆ ಬಡಿದೆ. ಟಣ್ ಎಂದಿತು.

ಇನ್ನೊಮ್ಮೆ ಬಡಿದೆ. ಬುಡಕ್ಕೆ ಬಡಿದೆ, ಮಂಡಿಯೂರಿ ಹಿಂಬದಿಗೂ ಬಡಿದೆ. ಎಲ್ಲೆಲ್ಲೂ ಟಣ್. ಅದರ ಪಕ್ಕದ ಹನ್ನೆರಡನೇ ಫಿನ್ ಇನ್ನೂ ವಿಚಿತ್ರ. ತೆರೆದ ಕಂಡಿಯ ಕಡೆಯ ಮೈ ಗಟ್ಟಿ, ಕಲ್ಲು ಕಟ್ಟಿದ ಕಡೆಯ ಮೈ ಪೊಳ್ಳು. ಒಂದೇ ದಿನ ಎರಕ ಹೊಯ್ದ ಕಾಂಕ್ರೀಟು, ಅದೇ ಮರಳು, ಅದೇ ಸಮುದ್ರ. ನಡುವೆ ಇದ್ದ ವ್ಯತ್ಯಾಸ ಒಂದೇ, ನನ್ನ ಗೋಡೆ.

ಎರಡೂ ಮೈಗಳಿಂದ ಪುಡಿ ಕೊರೆದು ಪ್ರಯೋಗಾಲಯಕ್ಕೆ ಕಳಿಸಿದೆ. ಫಲಿತಾಂಶಕ್ಕೆ ಕಾಯುವ ಮುಂಚೆಯೇ ಕಾರಣ ಗೊತ್ತಾಗಿತ್ತು. ಫಿನ್‌ಗಳು ನಿಂತ ಅಡಿತೊಲೆಯಲ್ಲಿ ಪ್ರತಿ ಕಂಡಿಗೂ ಎರಡು ಬೆರಳಗಲದ ಸೀಳು ಬಿಟ್ಟಿದ್ದರು, ಒಳಗೆ ಹೊಡೆದ ಮಳೆನೀರು ಇಳಿದುಹೋಗಲಿ ಎಂದು. ನಾನು ಆ ಸೀಳಿನ ಮೇಲೇ ಕಲ್ಲಿಟ್ಟಿದ್ದೆ. ಚಿರೆಕಲ್ಲು ನೀರು ಕುಡಿಯುವ ಕಲ್ಲು. ಗಾಳಿ ತಂದ ಉಪ್ಪು ಅದರಲ್ಲಿ ಕೂತಿತು, ತೇವ ಬೇಸಿಗೆಯಲ್ಲೂ ಆರಲಿಲ್ಲ, ಎರಡೂ ಸೇರಿ ಫಿನ್‌ಗಳ ಬುಡಕ್ಕೆ ಇಳಿದವು. ತೆರೆದ ಕಂಡಿಯಲ್ಲಿ ಮಳೆಯೇ ಉಪ್ಪನ್ನು ತೊಳೆಯಿತು, ಬಿಸಿಲು ಒಣಗಿಸಿತು. ಹತ್ತು ದಿನದ ಮೇಲೆ ಬಂದ ಪ್ರಯೋಗಾಲಯದ ಕಾಗದವೂ ಅದನ್ನೇ ಹೇಳಿತು. ಗೋಡೆ ತಾಗಿದ ಮೈಯಲ್ಲಿ ಉಪ್ಪು ಮಿತಿ ಮೀರಿತ್ತು, ತೆರೆದ ಮೈಯಲ್ಲಿ ಮಿತಿಯೊಳಗಿತ್ತು.

ಅಂದರೆ ಕಟ್ಟಡಕ್ಕೆ ವಯಸ್ಸಾಗಿರಲಿಲ್ಲ. ಗೋಡೆ ತೆಗೆದು ಬುಡಗಳನ್ನು ಸರಿಪಡಿಸಿದರೆ ಇನ್ನೊಂದು ತಲೆಮಾರು ನಿಲ್ಲುತ್ತದೆ. ಇದನ್ನು ಬರೆಯಬೇಕಾದರೆ ಕಾರಣ ಬರೆಯಬೇಕು, ಕಾರಣ ಬರೆದರೆ ನನ್ನ ಹೆಸರು ಬರೆಯಬೇಕು. ಮೇಲಧಿಕಾರಿಗೆ ಫೋನಿನಲ್ಲಿ ತಿಳಿಸಿದೆ. ಸ್ನೇಹದಿಂದಲೇ ಬುದ್ಧಿ ಹೇಳಿದರು. ಹಳೆಯ ಕಡತ ಕೆದಕಿದರೆ ವಿಚಾರಣೆ ಅದು ಇದು ಎಂದು ನಿವೃತ್ತಿಯ ಹೊತ್ತಿಗೆ ತೊಂದರೆ, ಐವತ್ತು ವರ್ಷದ ಕಟ್ಟಡ ಕೆಡವಿ ಎಂದರೆ ಯಾರೂ ಯಾಕೆ ಎಂದು ಕೇಳುವುದಿಲ್ಲ, ಸುಮ್ಮನೆ ಇರುವೆ ಬಿಟ್ಟುಕೊಳ್ಳಬೇಡಿ ಎಂದರು. ಅವರು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ನಾಲ್ಕು ದಿನ ವರದಿಯ ಕಾಗದ ಮೇಜಿನ ಮೇಲೆ ಹಾಗೇ ಬಿದ್ದಿತ್ತು. ನನಗೆ ಹೆದರಿಕೆಯಾಗಿತ್ತು, ಅದನ್ನು ಒಪ್ಪಿಕೊಳ್ಳುತ್ತೇನೆ.

ಒಂದು ವಿಷಯ ಮಾತ್ರ ತಿಳಿಯದೆ ವರದಿ ಪೂರ್ತಿಯಾಗುತ್ತಿರಲಿಲ್ಲ. ಹನ್ನೆರಡನೇ ಕಂಡಿ ತೆರೆದೇ ಉಳಿದದ್ದು ಯಾಕೆ? ಅಕ್ಕೋರನ್ನು ಕೇಳಿದೆ, ಅವರು ನೌಕರಿಗೆ ಬರುವಾಗಲೇ ಅದು ಹಾಗಿತ್ತಂತೆ. ಹಳೆಯ ಅಟೆಂಡರ್ ತಿಮ್ಮಪ್ಪನವರನ್ನು ಕೇಳಿ, ಅವರು ನಿವೃತ್ತಿಯಾಗುವವರೆಗೂ ಆ ಒಂದು ಕಂಡಿಗೆ ಪ್ರತಿ ಮಳೆಗಾಲ ತಟ್ಟಿ ಕಟ್ಟುತ್ತಿದ್ದರು ಎಂದರು. ಅವರ ನಂತರ ಅಕ್ಕೋರು ಪ್ಲಾಸ್ಟಿಕ್ ತಾಡಪತ್ರಿ ಇಳಿಬಿಡುತ್ತಿದ್ದರು. ಎರಡರ ಅಂಚಿನಲ್ಲೂ ಮಳೆ ಫಿನ್‌ಗಳಿಗೆ ತಾಗುತ್ತಿತ್ತು, ನೀರು ಸೀಳಿನಲ್ಲಿ ಇಳಿದುಹೋಗುತ್ತಿತ್ತು.

ತಿಮ್ಮಪ್ಪನವರ ಮನೆ ಶರಾವತಿ ದಾಟಿದರೆ ಕಾಸರಕೋಡಿನಲ್ಲಿ. ಬೆಳಿಗ್ಗೆ ಹೋದಾಗ ಜಗಲಿಯಲ್ಲಿ ಕೂತು ಬಲೆಯ ಹರಿದ ಕಣ್ಣು ಹೆಣೆಯುತ್ತಿದ್ದರು. ಎಪ್ಪತ್ತು ದಾಟಿದ ಮೈ, ಬೆರಳು ಮಾತ್ರ ಚುರುಕು. ನಾನು ಯಾರೆಂದು ಹೇಳಬೇಕಾಗಲಿಲ್ಲ. ಹಿಂದೆ ನಾನು ಅವರನ್ನು ಏಕವಚನದಲ್ಲೇ ಕರೆಯುತ್ತಿದ್ದೆ, ಆಗ ಅಟೆಂಡರುಗಳನ್ನು ಎಲ್ಲರೂ ಹಾಗೇ ಕರೆಯುತ್ತಿದ್ದರು. ಈಗ ಬಾಯಿಗೆ ನೀವು ಎಂದೇ ಬಂತು. ಚಹಾ ಬರುವವರೆಗೆ ಮೀನಿನ ಮಾತು, ಮಕ್ಕಳ ಮಾತು ಆಯಿತು. ಆಮೇಲೆ ಕಂಡಿಯ ವಿಷಯ ತೆಗೆದೆ. ಬಲೆ ಕೆಳಗಿಟ್ಟರು.

"ಅದು ನಾ ಮಾಡಿದ್ದು ಸಾಯೇಬ್ರೆ. ನೀವು ಕಾರವಾರಕ್ಕೆ ಹೋಗಿದ್ರಿ. ಆ ಕಂಡಿಗೆ ಕಲ್ಲು ಇಡೂದು ಬೇಡ ಅಂದಿದ್ರು ಅಂತ ಗೌಂಡಿ ಹತ್ರ ನಿಮ್ಮ ಹೆಸ್ರು ಹೇಳ್ದೆ. ಸುಳ್ಳು ಹೇಳ್ದೆ."

ಯಾಕೆ ಎಂದು ಕೇಳಿದೆ. ಪೇಪರ್ ಓದುವವರೆಲ್ಲ ಆ ತುದಿಯಲ್ಲಿ ಕೂರುತ್ತಿದ್ದರು, ಅಲ್ಲೂ ಗಾಳಿ ನಿಂತರೆ ಜನ ಬರುವುದು ನಿಲ್ಲುತ್ತದೆ ಎನ್ನುವುದು ಒಂದು ಕಾರಣ. ಇನ್ನೊಂದನ್ನು ಹೇಳಲು ಸ್ವಲ್ಪ ಹಿಂಜರಿದರು. ಅಡಿತೊಲೆಯ ಸೀಳುಗಳಲ್ಲಿ ಕಸ ಕಟ್ಟದಂತೆ ವಾರಕ್ಕೊಮ್ಮೆ ಕಡ್ಡಿ ಹಾಕಿ ತೆಗೆಯುತ್ತಿದ್ದವರು ಅವರೇ.

"ನೀರು ಹೋಗೂಕೆ ದಾರಿ ಬೇಕಲ್ಲ ಅಂತ ನಿಮ್ಮ ಹತ್ರ ಬಂದು ಹೇಳಿದ್ದೆ. ನಿಂಗೆ ಡ್ರಾಯಿಂಗ್ ಓದೂಕೆ ಬತ್ತದಾ ಅಂತ ಕೇಳಿದ್ರಿ. ಮತ್ತೆ ಎಂತ ಹೇಳೂದು?"

ಆ ಮಾತು ಆಡಿದ್ದು ನನಗೆ ನೆನಪೇ ಇಲ್ಲ. ಅವರಿಗೆ ಮೂವತ್ತು ವರ್ಷದಿಂದ ನೆನಪಿತ್ತು. ಸಿಟ್ಟಿನಿಂದ ಹೇಳಲಿಲ್ಲ, ನಡೆದದ್ದನ್ನು ನಡೆದ ಹಾಗೆ ಹೇಳಿದರು. ನಾಚಿಕೆಯಾಗಿ ಚಹಾದ ಲೋಟ ಕೆಳಗಿಟ್ಟೆ. ತಪ್ಪಾಯಿತು ಎಂದೆ. ನೀವು ಆಗ ಸಣ್ಣವರು ಎಂದು ಅವರೇ ಸಮಾಧಾನ ಮಾಡಿದರು.

ವರದಿಯಲ್ಲಿ ಅವರ ಹೆಸರು ಬರೆಯಬೇಕು ಎಂದಾಗ ಮಾತ್ರ ಮುಖ ಬಾಡಿತು. ಅಧಿಕಾರಿಯ ಹೆಸರಿನಲ್ಲಿ ಸುಳ್ಳು ಆದೇಶ ಕೊಟ್ಟದ್ದಕ್ಕೆ ಪಿಂಚಣಿಗೆ ಕುತ್ತು ಬಂದರೆ ಎಂಬ ಭಯ. ಇಷ್ಟು ವರ್ಷದ ಮೇಲೆ ನಿವೃತ್ತ ನೌಕರನ ಮೇಲೆ ಯಾವ ಕ್ರಮವೂ ಬರುವುದಿಲ್ಲ, ಬಂದರೂ ಆದೇಶ ನನ್ನದೇ ಎಂದು ಬರೆದು ಕೊಡುತ್ತೇನೆ ಎಂದೆ. ಬಲೆಯನ್ನು ಮತ್ತೆ ಮಡಿಲಿಗೆ ಎಳೆದುಕೊಂಡು ಒಂದು ಕಣ್ಣು ಹೆಣೆದು ಮುಗಿಸಿದರು. "ಆತು, ಬರೀರಿ" ಎಂದರು. ಅಟೆಂಡರಾಗಿದ್ದ ಅವರು ಅಷ್ಟು ಮಾಡಿದ ಮೇಲೆ ನನಗೆ ಹಿಂದೆ ಸರಿಯಲು ಮುಖವಿರಲಿಲ್ಲ. ಅದೇ ದಿನ ಸಂಜೆಯೊಳಗೆ ವರದಿ ಮುಗಿಸಿದೆ.

ಸಮಿತಿಯ ಸಭೆ ಗ್ರಂಥಾಲಯದ ಓದುವ ಕೋಣೆಯಲ್ಲೇ ನಡೆಯಿತು. ಅಧ್ಯಕ್ಷರು ವಕೀಲರು, ಕಾಗದ ಓದುವುದರಲ್ಲಿ ಪಳಗಿದವರು. ಮೂರನೇ ಪುಟಕ್ಕೆ ಬಂದವರು ಕನ್ನಡಕ ತೆಗೆದು, ಗೋಡೆ ಕಟ್ಟಿಸಿದ ಇಂಜಿನಿಯರು ಎಂದು ಇಲ್ಲಿ ಬರೆದ ಹೆಸರು ಯಾರದು ಎಂದು ಕೇಳಿದರು. ವರದಿಯ ಕೆಳಗೆ ಸಹಿ ಇದೆಯಲ್ಲ, ಅದೇ ಹೆಸರು ಎಂದೆ.

ಅವರು ಬಿಡಲಿಲ್ಲ. "ಹಾಗಿದ್ದರೆ ಹನ್ನೆರಡನೆಯದನ್ನು ಯಾಕೆ ಬಿಟ್ಟಿರಿ?"

"ನಾನು ಬಿಡಲಿಲ್ಲ. ಮುಚ್ಚಿ ಅಂತಲೇ ಹೇಳಿದ್ದೆ. ತಿಮ್ಮಪ್ಪನವರು ಮುಚ್ಚಗೊಡಲಿಲ್ಲ. ಆ ಕಂಡಿಯೂ ಮುಚ್ಚಿದ್ದರೆ ಇವತ್ತು ಕಾರಣ ಸಿಗುತ್ತಿರಲಿಲ್ಲ, ನಾನೇ ಕೆಡವಿ ಎಂದು ಬರೆದು ಕೊಡುತ್ತಿದ್ದೆ."

ಸದಸ್ಯರೊಬ್ಬರು ನ್ಯಾಯವಾದ ಪ್ರಶ್ನೆ ಎತ್ತಿದರು. ಗೋಡೆ ತೆಗೆದರೆ ಮತ್ತೆ ಮಳೆ ಒಳಗೆ ಹೊಡೆಯುತ್ತದೆ, ವರ್ಷ ವರ್ಷ ತಟ್ಟಿ ಕಟ್ಟುವವರು ಯಾರು? ಇಂಜಿನಿಯರನ ವರದಿಯಲ್ಲಿ ಅದಕ್ಕೆ ಕಾಲಂ ಇರುವುದಿಲ್ಲ. ಮೂಲೆಯಲ್ಲಿ ಹಾಜರಿ ಪುಸ್ತಕ ಹಿಡಿದು ಕೂತಿದ್ದ ಅಕ್ಕೋರು ಎದ್ದು ನಿಂತರು. "ಕಟ್ಟಿಸೂದು ನನ್ನ ಜವಾಬ್ದಾರಿ. ನನ್ನ ನಂತರ ಬರುವವರಿಗೆ ಚಾರ್ಜ್ ಕೊಡುವಾಗ ಬೀಗದ ಕೈ ಜೊತೆ ಇದನ್ನೂ ಬರೆದು ಕೊಡ್ತೇನೆ" ಎಂದರು. ಸಭೆ ಇನ್ನೂ ಒಂದು ತಾಸು ಎಳೆಯಿತು, ಕೆಲವರು ಹೊಸ ಕಟ್ಟಡದ ಆಸೆ ಬಿಡಲಿಲ್ಲ. ಕೊನೆಗೆ ಕೈ ಎತ್ತಿಸಿದಾಗ ದುರಸ್ತಿಯ ಕಡೆಗೆ ಎರಡು ಕೈ ಹೆಚ್ಚು ಬಂದವು. ವಿಚಾರಣೆ ಎಂದು ಒಂದು ಪತ್ರ ನನಗೆ ಬಂತು. ಉತ್ತರ ಬರೆದೆ, ಎಚ್ಚರಿಕೆ ಕೊಟ್ಟು ಮುಗಿಸಿದರು. ಅಷ್ಟಕ್ಕೆ ನಾಲ್ಕು ದಿನ ಹೆದರಿದ್ದೆ.

ಕೆಲಸ ಮಾಡಿದವರು ಭಟ್ಕಳದ ಗುತ್ತಿಗೆದಾರರು. ದೋಣಿ ನಿಲ್ಲುವ ಜೆಟ್ಟಿಗಳ ಕಾಂಕ್ರೀಟು ದುರಸ್ತಿ ಮಾಡಿ ಉಪ್ಪಿನ ಆಟ ಬಲ್ಲವರು. ಮೇಸ್ತ್ರಿಗಳೊಂದಿಗೆ ನವಾಯತಿ ಭಾಷೆ, ನನ್ನೊಂದಿಗೆ ಕನ್ನಡ, ಸಿಮೆಂಟಿನ ಲಾರಿಯವನೊಂದಿಗೆ ಉರ್ದು. ಮೊದಲು ಛಾವಣಿಯ ಅಂಚಿಗೆ ಕಬ್ಬಿಣದ ಆಸರೆ ಕೊಟ್ಟರು. ಆಮೇಲೆ ಹನ್ನೊಂದು ಗೋಡೆಗಳನ್ನು ಮೇಲಿಂದ ಕೆಳಕ್ಕೆ ಒಂದೊಂದೇ ಕಲ್ಲಾಗಿ ಬಿಚ್ಚಿದರು. ಪೊಳ್ಳು ಕಾಂಕ್ರೀಟನ್ನು ಗಟ್ಟಿ ಸಿಗುವವರೆಗೆ ಕೆತ್ತಿ, ಸವೆದ ಸರಳುಗಳ ಪಕ್ಕಕ್ಕೆ ಹೊಸ ಸರಳು ಕಟ್ಟಿ, ಸಣ್ಣ ಜಲ್ಲಿಯ ಕಾಂಕ್ರೀಟಿನಿಂದ ಹಳೆಯ ಆಕಾರಕ್ಕೆ ಎರಕ ಹೊಯ್ದರು. ಅಚ್ಚಿನ ಗೆರೆ ಹಳೆಯದಕ್ಕೆ ಹೊಂದಲೆಂದು ಅದೇ ಅಗಲದ ಹಲಗೆ ಹುಡುಕಿ ತಂದಿದ್ದರು. ಕೆಲಸ ಒಂದೂವರೆ ವರ್ಷ ಹಿಡಿಯಿತು, ಮುಗಿಯುವ ಹೊತ್ತಿಗೆ ನಾನು ನಿವೃತ್ತನಾಗಿದ್ದೆ. ನಡುವಿನ ಮಳೆಗಾಲದಲ್ಲಿ ಪುಸ್ತಕಗಳು ಅದೇ ಕಟ್ಟಡದ ಪೂರ್ವದ ಕೋಣೆಯಲ್ಲೇ ಇದ್ದವು, ಒಂದೂ ಗೋಣಿಚೀಲಕ್ಕೆ ಹೋಗಲಿಲ್ಲ.

ಮರುವರ್ಷದ ಮೇ ಕೊನೆಯ ಭಾನುವಾರ ತಟ್ಟಿ ಕಟ್ಟುವ ಕೆಲಸ. ಯಾರೂ ಕರೆದಿರಲಿಲ್ಲ, ನಾನೇ ಬಸ್ಸು ಹತ್ತಿ ಹೋದೆ. ಓದುಗರಲ್ಲೇ ಏಳೆಂಟು ಜನ ಬಂದಿದ್ದರು. ತಿಮ್ಮಪ್ಪನವರು ಏಣಿ ಹತ್ತುವ ಹಾಗಿಲ್ಲ, ಕೆಳಗೆ ಕುರ್ಚಿ ಹಾಕಿ ಕೂತು ಎಲ್ಲರಿಗೂ ಅಪ್ಪಣೆ ಕೊಡುತ್ತಿದ್ದರು. ಮೊದಲ ಕಂಡಿಯ ಏಣಿ ನಾನು ಹತ್ತಿದೆ. ಬಳೆಗೆ ಹಗ್ಗ ಪೋಣಿಸಿ, ತಟ್ಟಿ ಬಿಗಿದು, ಯಾವ ಗಾಳಿಗೂ ಜಗ್ಗದಂಥ ಬ್ರಹ್ಮಗಂಟು ಹಾಕಿದೆ. ಎಳೆದು ನೋಡಿದೆ, ಅಲುಗಲಿಲ್ಲ. ತೃಪ್ತಿಯಾಯಿತು.

ಮೂವತ್ತೈದು ವರ್ಷದ ನೌಕರಿಯಲ್ಲಿ ನಾನು ಬರೆದ ಟಿಪ್ಪಣಿಗಳಲ್ಲಿ ಶಾಶ್ವತ ಪರಿಹಾರ ಎಂಬ ಮಾತು ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ಈಗ ಕಿರಿಯ ಇಂಜಿನಿಯರುಗಳು ಸಲಹೆ ಕೇಳಿದರೆ ಎರಡೇ ಮಾತು ಹೇಳುತ್ತೇನೆ. ಹಳೆಯ ಕಟ್ಟಡ ಮುಟ್ಟುವ ಮೊದಲು ಅದನ್ನು ದಿನಾ ಗುಡಿಸುವವರನ್ನು ಕೇಳಿ. ಮತ್ತೆ, ಮಾಡಿದ ಕೆಲಸ ತಪ್ಪಾಗಿದ್ದರೆ ಮುಂದಿನವರು ಬಿಚ್ಚಲು ಬರುವ ಹಾಗೆ ಮಾಡಿ. ಈ ಎರಡನೆಯದನ್ನು ನಾನು ಕಲಿತದ್ದು ಏಣಿಯ ಮೇಲೆ.

ಕೆಳಗಿನಿಂದ ತಿಮ್ಮಪ್ಪನವರು ಕತ್ತೆತ್ತಿ ನನ್ನ ಗಂಟನ್ನೇ ನೋಡುತ್ತಿದ್ದರು. ತಲೆ ಅಲ್ಲಾಡಿಸಿದರು.

"ಹಾಗಲ್ಲ ಸಾಯೇಬ್ರೆ. ಮಳೆ ಹೋದ್ಮೇಲೆ ಬಿಚ್ಚೂಕೆ ಬರ್ಬೇಕು. ಬಿಚ್ಚೂಕೆ ಬರೂ ಗಂಟು ಹಾಕಿ."

ಬಿಚ್ಚಲು ನನಗೆ ಹತ್ತು ನಿಮಿಷ ಹಿಡಿಯಿತು, ಉಗುರು ಕಿತ್ತು ಬಂತು. ಉಳಿದವರೆಲ್ಲ ಕೆಲಸ ನಿಲ್ಲಿಸಿ ಕಾಯುತ್ತಿದ್ದರು. ಆಮೇಲೆ ಅವರು ಕೆಳಗೆ ಕೂತು ಬೆರಳಿನಲ್ಲಿ ತೋರಿಸಿದ ಹಾಗೆಯೇ ಮತ್ತೆ ಕಟ್ಟಿದೆ.